ಅರಗಿನ ಮೇಲೆ ಕುಂಕುಮ

ಹೋದ ವರ್ಷ ದಸರಾ ಮುಗಿದ ಮೂರನೆಯ ದಿನ ನಾಗಸಂದ್ರದ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದು ರಸ್ತೆಗೆ ಕಾಲಿಟ್ಟೆ. ಅಕ್ಕನ ಮಗಳು ಅಲ್ಲೇ ಹತ್ತಿರ ಹೊಸ ಮನೆ ಮಾಡಿದ್ದಾಳೆ, ನೋಡಿಕೊಂಡು ಬರೋಣವೆಂದು ಹೊರಟಿದ್ದೆ. ನೋಡಿದ ಕಡೆಯೆಲ್ಲ ಒಡೆದ ಬೂದುಗುಂಬಳ. ಪ್ರತಿ ವರ್ಕ್‌ಶಾಪಿನ ಮುಂದೆ, ಪ್ರತಿ ಟೆಂಪೋ ನಿಲ್ಲುವ ಜಾಗದಲ್ಲಿ, ಹೊಟ್ಟೆಗೆ ಕುಂಕುಮ ತುಂಬಿಸಿಕೊಂಡ ಕುಂಬಳ ಮೂರು ದಿನದ ಮಳೆಗೂ ಬಿಸಿಲಿಗೂ ಸಿಕ್ಕಿ ಲೋಳೆಯಾಗಿ, ನೊಣ ಮುತ್ತಿಕೊಂಡು ಬಿದ್ದಿತ್ತು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ವಾಕರಿಕೆ ಬಂತು. ಸೆರಗನ್ನು ಮೂಗಿಗೆ ಒತ್ತಿಕೊಂಡು ಕಂಬ ಹಿಡಿದು ನಿಂತೆ.

ಕರೆದೊಯ್ಯಲು ಬಂದಿದ್ದ ಅಕ್ಕನ ಮಗಳು ಗಾಬರಿಯಾದಳು. "ಚಿಕ್ಕಮ್ಮ, ಪ್ರತಿ ವರ್ಷ ಇದೇ ಗೋಳು. ಒಡೆಯೋಕೆ ಎಲ್ಲಾರೂ ಬರ್ತಾರೆ, ಎತ್ತೋಕೆ ಯಾರೂ ಇಲ್ಲ" ಅಂದಳು. ಹೂಂ ಅಂದೆ. ನನಗೆ ವಾಕರಿಕೆ ಬಂದದ್ದು ಈ ವರ್ಷದ ಕುಂಬಳಕ್ಕಲ್ಲ ಎಂದು ಅವಳಿಗೆ ಹೇಳಲಿಲ್ಲ. ಹೇಳಿದರೆ ಕಥೆ ಉದ್ದ. ಇಲ್ಲಿ ಹೇಳುತ್ತೇನೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಪೀಣ್ಯದ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ನಾನಿದ್ದೆ. ವಿಭಾಗ ಎಂದರೆ ನಾನೊಬ್ಬಳು, ಒಂದು ಮಿಷನ್ನು, ಮತ್ತು ಅಟೆಂಡರ್ ಮುನಿಯಪ್ಪ. ಕ್ರೇನುಗಳಿಗೆ ಬೇಕಾದ ಕೊಕ್ಕೆ, ಸರಪಳಿ ಮಾಡುವ ಕಾರ್ಖಾನೆ ಅದು. ಮುಖ್ಯ ಘಟಕ ಪೀಣ್ಯದಲ್ಲಿ, ಕೊಕ್ಕೆಗಳನ್ನು ಪರೀಕ್ಷೆ ಮಾಡಿ ಠಸ್ಸೆ ಒತ್ತಿ ಕಳಿಸುವ ಶೆಡ್ಡು ತುಮಕೂರು ರಸ್ತೆಯಲ್ಲಿ ಮುಂದೆ, ಮಾಕಳಿಯಲ್ಲಿ. ಎರಡರ ನಡುವೆ ಇದ್ದದ್ದು ಒಂದು ಫೋನ್ ಲೈನು. ಮಳೆ ಹನಿದರೆ ಅದರಲ್ಲಿ ಕಪ್ಪೆ ಕೂಗಿದ ಹಾಗೆ ಕೇಳಿಸುತ್ತಿತ್ತು. "ಹಲೋ ಹಲೋ" ಎಂದು ಕಿರುಚಿ ಕಿರುಚಿ ಗಂಟಲು ಹೋದವರೇ ಹೆಚ್ಚು. ಆ ವರ್ಷ ಆಷಾಢದಲ್ಲಿ ಮೇಲಿನವರಿಗೆ ಒಂದು ಯೋಚನೆ ಬಂತು: ಎರಡೂ ಕಡೆ ಒಂದೊಂದು ಮಿಷನ್ನು ಇದೆಯಲ್ಲ, ಅವು ತಮ್ಮೊಳಗೆ ಫೋನ್ ಮಾಡಿಕೊಂಡು ಕಾಗದ ಸಾಗಿಸಲಿ. ಮಾಡು ಎಂದು ನನಗೆ ಹೇಳಿದರು. ನಾವು ಅದನ್ನು ಕಂಪ್ಯೂಟರ್ ಕಾಗದ ಎನ್ನುತ್ತಿದ್ದೆವು. ಮೇಲ್ ಎಂಬ ಮಾತು ಆಗಿನ್ನೂ ನಮ್ಮ ಬಾಯಿಗೆ ಬಂದಿರಲಿಲ್ಲ.

ನನಗೆ ಆಗ ಇಪ್ಪತ್ತಾರು. ಹೇಳಿಕೊಡುವವರು ಯಾರೂ ಇಲ್ಲ. ಮಿಷನ್ನಿನ ಜೊತೆ ಬಂದ ದಪ್ಪ ದಪ್ಪ ಪುಸ್ತಕಗಳೇ ಗುರು. ಎ.ಸಿ. ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಆಷಾಢವೂ ಶ್ರಾವಣವೂ ಅದರ ಮುಂದೆ ಕೂತೆ. ಕಾಗದ ಹೋಗುವಂತೆ ಮಾಡುವುದು ದೊಡ್ಡ ವಿಷಯವಾಗಲಿಲ್ಲ. ಎರಡು ವಾರ ಸಾಕಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಮತ್ತು ಸಂಜೆ ಐದಕ್ಕೆ ನಮ್ಮ ಮಿಷನ್ನು ಮಾಕಳಿಗೆ ತಾನೇ ಫೋನ್ ತಿರುಗಿಸಿ, ಕಿರ್ರೆಂದು ಕೂಗಿ, ಆ ಕಡೆಯದು ಕಿರ್ರೆಂದರೆ ಕಾಗದ ಬದಲಾಯಿಸಿಕೊಳ್ಳುತ್ತಿತ್ತು. ಮುನಿಯಪ್ಪ ಮೊದಲ ದಿನ ಅದನ್ನು ಕೇಳಿ, "ಬೀಗ್ರು ಬೀಗ್ರು ಜಗಳ ಆಡ್ದಂಗೈತೆ ಕಣಮ್ಮಣ್ಣಿ" ಅಂದ. ಅವನು ನಾಗಸಂದ್ರದ ಹಳೇ ಕುಳ. ಕಾರ್ಖಾನೆಗೆ ಜಮೀನು ಹೋಗಿ, ಅದರ ಬದಲಿಗೆ ಅಟೆಂಡರ್ ಕೆಲಸ ಸಿಕ್ಕಿತ್ತು. "ಈ ನಿಮ್ಮ ಬೀರು ಮಡಗಿದೀರಲ್ಲ, ಇಲ್ಲೇ ನಮ್ಮ ಕಣ ಇತ್ತು, ರಾಗಿ ಬಡೀತಿದ್ದೊ" ಎಂದು ಮಿಷನ್ನನ್ನು ತೋರಿಸಿ ಹೇಳುತ್ತಿದ್ದ.

ಕಷ್ಟವಿದ್ದದ್ದು ಬಾಗಿಲು ಹಾಕುವುದರಲ್ಲಿ. ಮಿಷನ್ನು ಬರುವಾಗಲೇ ಅದರಲ್ಲಿ ಐದಾರು ಹೆಸರುಗಳಿದ್ದವು, ಅತಿಥಿಗೊಂದು, ರಿಪೇರಿಗೆ ಬರುವವರಿಗೊಂದು, ಪರೀಕ್ಷೆಗೊಂದು. ಒಂದಕ್ಕೂ ಪಾಸ್‌ವರ್ಡ್ ಇಲ್ಲ. ಹೊಸ ಮನೆ ಕಟ್ಟಿ, ಆರು ಬಾಗಿಲಿಟ್ಟು, ಒಂದಕ್ಕೂ ಚಿಲಕ ಇಡದ ಹಾಗೆ. ಎಲ್ಲ ಕಿತ್ತೆಸೆದೆ. ಇನ್ನು ಕಾಗದ ಬಂದು ಬೀಳುವ ಪೆಟ್ಟಿಗೆಗಳು. ಪ್ರತಿಯೊಬ್ಬರ ಹೆಸರಿಗೂ ಒಂದೊಂದು ಪೆಟ್ಟಿಗೆ ಏನೋ ಇತ್ತು, ಆದರೆ ಯಾರು ಬೇಕಾದರೂ ಯಾರದನ್ನು ಬೇಕಾದರೂ ತೆಗೆದು ಓದುವಂತೆ ಬಿಟ್ಟಿದ್ದರು. ಒಂದೊಂದನ್ನೂ ಮುಚ್ಚಿ, ಅವರವರದು ಅವರವರಿಗೆ ಮಾತ್ರ ತೆರೆಯುವಂತೆ ಮಾಡಿದೆ. ಹೊರಗಿನಿಂದ ಯಾರಾದರೂ ನಮ್ಮ ಮಿಷನ್ನಿಗೆ ಫೋನ್ ಮಾಡಿದರೆ ಎತ್ತದಂತೆ ಮಾಡಿದೆ. ನಾವೇ ಮಾಡಬೇಕು, ಬಂದದ್ದನ್ನು ಎತ್ತಬಾರದು. ಮಾಕಳಿಯ ಮಿಷನ್ನು ಕಾಗದ ಹಾಕಿ ಹೋಗಬಹುದು, ಒಳಗೆ ಬಂದು ಅಡುಗೆಮನೆಯವರೆಗೆ ಓಡಾಡುವಂತಿಲ್ಲ. ಯಾರು ಯಾವಾಗ ಯಾವ ಕೋಣೆಯ ಟರ್ಮಿನಲ್ಲಿನಿಂದ ಒಳಗೆ ಬಂದರು ಎಂದು ತಾನೇ ಬರೆದಿಟ್ಟುಕೊಳ್ಳುವ ಒಂದು ದಾಖಲೆಯನ್ನೂ ಚಾಲೂ ಮಾಡಿದೆ.

ಜನರ ಪಾಸ್‌ವರ್ಡಿನ ವಿಷಯ ಹೇಳಿದರೆ ನಗುತ್ತೀರಿ. ಯಾರದ್ದು ಏನಿರಬಹುದೆಂದು ಸುಮ್ಮನೆ ಊಹಿಸುತ್ತಾ ಕೂತೆ. ಮನೆದೇವರ ಹೆಸರು ಹೊಡೆದರೆ ಅರ್ಧ ಕಾರ್ಖಾನೆ ತೆರೆದುಕೊಂಡಿತು. ಸ್ಕೂಟರ್ ನಂಬರ್ ಹೊಡೆದರೆ ಇನ್ನು ಕಾಲು. ಉಳಿದವರು ಚೀಟಿಯಲ್ಲಿ ಬರೆದು ಟರ್ಮಿನಲ್ಲಿಗೇ ಅಂಟಿಸಿದ್ದರು. ಒಬ್ಬೊಬ್ಬರನ್ನೂ ಕರೆದು ಬೈದು ಬದಲಾಯಿಸಿದೆ. "ಮೇಡಂ, ಮನೆದೇವ್ರು ಬಿಟ್ರೆ ಇನ್ಯಾರು ಕಾಯ್ತಾರೆ?" ಎಂದು ಸ್ಟೋರ್ಸಿನ ಗುಮಾಸ್ತರು ವಾದಕ್ಕೇ ನಿಂತರು.

ಗಣಪತಿ ಹಬ್ಬದ ಹೊತ್ತಿಗೆ ಎಲ್ಲ ಸರಿಯಾಯಿತು. ಕಂಪನಿ ಸುತ್ತೋಲೆ ಹೊರಡಿಸಿತು. ಬರೆದುಕೊಟ್ಟವಳು ನಾನೇ. "ನಿಮ್ಮ ಕಾಗದವನ್ನು ನೀವು ಯಾರಿಗೆ ಬರೆದಿರೋ ಅವರ ಹೊರತು ಬೇರಾರೂ ಓದುವುದಿಲ್ಲ. ಓದಿದರೆ ಅದು ಅಪರಾಧ." ಆ ಸಾಲು ಬರೆದು ನನಗೆಷ್ಟು ಜಂಬ ಬಂದಿತ್ತೆಂದು ನೆನೆದರೆ ಈಗ ಮೈ ಉರಿಯುತ್ತದೆ.

ಸುತ್ತೋಲೆ ಹೊರಟ ಮರುದಿನ ಪರ್ಸನಲ್ ಮ್ಯಾನೇಜರ್ ರಾಜಗೋಪಾಲ್ ನನ್ನ ಕೋಣೆಗೆ ಬಂದರು. ಬೂಟು ಬಿಚ್ಚಲಿಲ್ಲ. ಗುಲಾಬಿ ಸೆಂಟಿನ ಅಡಿಕೆಪುಡಿ ಸದಾ ಬಾಯಲ್ಲಿ. ಮಾತಾಡುವಾಗ ಅದರ ಚೂರು ಎದುರಿನವರ ಮೇಲೆ ಹಾರುತ್ತಿತ್ತು. ನನ್ನ ಕೀಬೋರ್ಡಿನ ಮೇಲೆ ಬಾಗಿ, "ಏನಮ್ಮಾ, ಭೇಷಾಗಿ ಮಾಡಿದೀಯ. ಎಲ್ಲಾರ ಕಾಗದದ್ದೂ ನನಗೊಂದು ಕಾಪಿ ಬೀಳೋ ಹಾಗೆ ಮಾಡ್ಬಿಡು" ಅಂದರು.

"ಆಗಲ್ಲ ಸಾರ್."

"ಆಗಲ್ವೋ, ಮಾಡಲ್ವೋ?"

"ಮಾಡಲ್ಲ ಸಾರ್. ಸುತ್ತೋಲೆಗೆ ನೀವೂ ಸೈನ್ ಹಾಕಿದೀರ."

ಅವರು ನಕ್ಕರು. ಬಾಯಲ್ಲಿದ್ದದ್ದನ್ನು ನನ್ನ ಕಸದ ಬುಟ್ಟಿಗೆ ಉಗಿದು, ಕರವಸ್ತ್ರದಿಂದ ತುಟಿ ಒರೆಸಿಕೊಂಡು, "ಮಾಡಲ್ಲ ಅಂತಾಳೆ, ನೋಡಪ್ಪಾ" ಎಂದು ಮುನಿಯಪ್ಪನಿಗೆ ಹೇಳಿ ಹೋದರು. ಆ ಬುಟ್ಟಿಯನ್ನು ಮುನಿಯಪ್ಪ ಹೊರಗೆ ಕೊಂಡೊಯ್ದು ತೊಳೆದ. ನಾನು ಕೀಬೋರ್ಡಿನ ಸಂದಿಯಿಂದ ಅಡಿಕೆಚೂರನ್ನು ಪಿನ್ನಿನಲ್ಲಿ ಆರಿಸಿ ತೆಗೆದೆ. ಥೂ.

ಇನ್ನೊಂದು ವಿಷಯ ಹೇಳಬೇಕು. ಮಿಷನ್ನಿಗೆ ಯಜಮಾನ ಪಾಸ್‌ವರ್ಡ್ ಎಂದು ಒಂದಿರುತ್ತದೆ. ಅದು ಗೊತ್ತಿದ್ದವರಿಗೆ ನಾನು ಮುಚ್ಚಿದ ಎಲ್ಲ ಪೆಟ್ಟಿಗೆಯೂ ತೆರೆಯುತ್ತದೆ. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ನನಗೆ ಬಸ್ಸು ಗುದ್ದಿದರೆ ಕಂಪನಿಯ ಗತಿಯೇನು ಎಂದು ಆಡಿಟ್ಟಿನವರು ಕೇಳಿದರು. ನನ್ನ ಗತಿಯೇನು ಎಂದು ಕೇಳಲಿಲ್ಲ. ಅದನ್ನು ಒಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ ಭದ್ರವಾಗಿಡಬೇಕೆಂದು ನಿಯಮ ಮಾಡಿದರು. ಅರಗು ಒಡೆದಿದ್ದರೆ ಯಾರೋ ತೆಗೆದಿದ್ದಾರೆ ಎಂದು ಗೊತ್ತಾಗುತ್ತದೆ. ಆಗ ತಕ್ಷಣ ಪಾಸ್‌ವರ್ಡ್ ಬದಲಾಯಿಸಬೇಕು. ಆದರೆ ಭದ್ರವಾದ ಪೆಟ್ಟಿಗೆ ಇದ್ದದ್ದು ರಾಜಗೋಪಾಲರ ಕೋಣೆಯಲ್ಲಿ. ಬೆಕ್ಕಿನ ಮುಂದೆ ಹಾಲಿಡುವುದೇ? ಲಕೋಟೆಯನ್ನು ನನ್ನ ಕೋಣೆಯ ಗೋಡೆಯಲ್ಲಿದ್ದ ಚಾಮುಂಡೇಶ್ವರಿ ಪಟದ ಹಿಂದೆ ಸಿಕ್ಕಿಸಿದೆ. ದಿನಾ ಹೂವಿಡುವ ಮುನಿಯಪ್ಪನಿಗೆ ಬಿಟ್ಟರೆ ಅಲ್ಲಿ ಕೈ ಹಾಕುವವರು ಯಾರಿದ್ದರು?

ಆಗ ಬಂದವಳು ರತ್ನ. ಮಾಕಳಿಯ ಊರ ಹುಡುಗಿ, ಡಿಪ್ಲೊಮಾ ಓದಿ ಅಲ್ಲಿನ ಶೆಡ್ಡಿನಲ್ಲೇ ಕೊಕ್ಕೆ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ್ದಳು. ಇನ್ನೂ ಪ್ರೊಬೇಷನ್ನಿನಲ್ಲಿದ್ದಳು. ಕಂಪ್ಯೂಟರ್ ಕಾಗದ ಬರೆಯುವುದನ್ನು ಕಲಿಯಲು ಅವಳನ್ನು ನನ್ನ ಬಳಿ ಒಂದು ದಿನ ಕಳಿಸಿದರು. ಸಣ್ಣ ಜೀವ, ಉಗುರಿನ ಸಂದಿಯಲ್ಲೆಲ್ಲ ಬಿಳಿ ಸುಣ್ಣ. ಮಧ್ಯಾಹ್ನ ಅವಳು ತಂದಿದ್ದ ಹುರುಳಿಕಾಳಿನ ಬಸ್ಸಾರನ್ನು ಇಬ್ಬರೂ ಹಂಚಿಕೊಂಡು ಉಂಡೆವು. ಉಗುರಿನ ಸುಣ್ಣ ಏನೆಂದು ಕೇಳಿದೆ. ಹೇಳಿದಳು. ಕೊಕ್ಕೆಯನ್ನು ಸೀಮೆಎಣ್ಣೆ ಬೆರೆಸಿದ ಎಣ್ಣೆಯಲ್ಲಿ ಅದ್ದಿಟ್ಟು, ತೆಗೆದು, ಒಣಗಿದ ಹಾಗೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿಯುತ್ತಾರೆ. ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಅದರೊಳಗಿಳಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳುಪಿನ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಗೆರೆ ಬಂದ ಕೊಕ್ಕೆ ಗುಜರಿಗೆ.

ಹೇಳಿ ಮುಗಿಸಿ ಡಬ್ಬಿಯ ತಳ ಕೆರೆದಳು. ಆಮೇಲೆ ಕೇಳಿದಳು. "ಮೇಡಂ, ಇದ್ರಲ್ಲಿ ಬರೆದ್ರೆ ನಿಜವಾಗ್ಲೂ ಯಾರೂ ಓದಲ್ವಾ?"

"ಯಾರೂ ಓದಲ್ಲ."

"ನೀವು?"

"ನಾನು ಓದ್ಬಹುದು. ಆದ್ರೆ ಓದಲ್ಲ. ಮಾತು ಅಂದ್ರೆ ಮಾತು."

"ನಮ್ಮ ಶೆಡ್ ಇನ್‌ಚಾರ್ಜಿಗೂ ಸಿಗಲ್ವಾ?"

"ಅವರಪ್ಪಂಗೂ ಸಿಗಲ್ಲ" ಅಂದೆ. ಅವಳು ಮೊದಲ ಸಲ ನಕ್ಕಳು.

ಅವಳ ಕಷ್ಟ ನನಗೆ ಆಗ ಪೂರ್ತಿ ತಿಳಿಯಲಿಲ್ಲ. ಮಾಕಳಿಯ ಶೆಡ್ಡಿನಿಂದ ಹೊರಗೆ ಹೋಗುವ ಪ್ರತಿಯೊಂದೂ ಇನ್‌ಚಾರ್ಜ್ ಕೈಯಿಂದಲೇ ಹೋಗಬೇಕಿತ್ತು. ಫೋನು ಅವನ ಮೇಜಿನ ಮೇಲೆ, ಟಪಾಲಿನ ಚೀಲ ಕಟ್ಟುವವನು ಅವನು, ಗೇಟ್ ಪಾಸಿಗೆ ಸಹಿ ಹಾಕುವವನೂ ಅವನೇ. ಅವನು ರಾಜಗೋಪಾಲರ ಹೆಂಡತಿಯ ತಮ್ಮ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವನ ಕೈ ಮುಟ್ಟದೆ ಪೀಣ್ಯ ಸೇರುವ ದಾರಿ ಒಂದೇ ಇತ್ತು, ನಾನು ಮಾಡಿಕೊಟ್ಟದ್ದು.

ಆಯುಧಪೂಜೆಗೆ ಎರಡು ದಿನ ಮುಂಚೆ, ಸೋಮವಾರ, ಮಧ್ಯಾಹ್ನದ ಫೋನಿನಲ್ಲಿ ಮಾಕಳಿಯಿಂದ ಒಂದು ಉದ್ದನೆಯ ಕಾಗದ ಬಂತು. ಯಾರಿಂದ ಯಾರಿಗೆ, ಎಷ್ಟು ಉದ್ದ ಎಂಬುದಷ್ಟೇ ನನ್ನ ದಾಖಲೆಯಲ್ಲಿ ಕಾಣುತ್ತಿತ್ತು. ರತ್ನ, ಚೀಫ್ ಇಂಜಿನಿಯರಿಗೆ ಬರೆದದ್ದು. ಚೀಫ್ ಇಂಜಿನಿಯರ್ ಒರಟು ಮನುಷ್ಯ, ಆದರೆ ಕೊಕ್ಕೆಯ ವಿಷಯದಲ್ಲಿ ಯಾರ ಮುಲಾಜಿಗೂ ಬೀಳುವವರಲ್ಲ. ಅವರು ಉತ್ತರದ ಕಡೆ ಗಿರಾಕಿಯ ಕಾರ್ಖಾನೆಗೆ ಹೋಗಿದ್ದರು, ದಸರಾ ಕಳೆದ ಸೋಮವಾರ ಬರುವವರಿದ್ದರು. ಕಾಗದ ಅವರ ಪೆಟ್ಟಿಗೆಯಲ್ಲಿ ಕಾಯುತ್ತಿರುತ್ತದೆ, ಇರಲಿ ಎಂದುಕೊಂಡೆ. ತೆರೆದು ನೋಡುವ ಆಸೆ ಆಗಲಿಲ್ಲವೆಂದರೆ ಸುಳ್ಳು. ಬೆರಳು ಹಿಂದಕ್ಕೆಳೆದುಕೊಂಡು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬುಧವಾರ ಆಯುಧಪೂಜೆ. ಪೀಣ್ಯದಲ್ಲಿ ಅವತ್ತು ಯಾವ ಕಾರ್ಖಾನೆಗೂ ಗೇಟಿಲ್ಲ. ಹೆಂಡತಿ ಮಕ್ಕಳು, ಅತ್ತೆ ಮಾವ ಎಲ್ಲ ಬಂದು ಮಿಷನ್ನು ನೋಡಿ, ಕಡಲೆಪುರಿ, ಸಿಹಿ ಪೊಟ್ಟಣ ಇಸಿದುಕೊಂಡು ಹೋಗುತ್ತಾರೆ. ಮುನಿಯಪ್ಪ ಬೆಳಿಗ್ಗೆಯೇ ಬಾಳೆಕಂದು ಕಟ್ಟಿ, ಪಟವನ್ನು ಗೋಡೆಯಿಂದಿಳಿಸಿ ಗಾಜು ಒರೆಸಿದ. ಹಿಂದಿದ್ದ ಲಕೋಟೆ ಕೆಳಗೆ ಬಿತ್ತು.

"ಅಮ್ಮಣ್ಣಿ, ನಿಮ್ಮ ಬೀಗದ ಕೈ ಅಂದ್ರೆ ಇದೇ ಅಲ್ವಾ? ಎಲ್ಲಾದ್ಕೂ ಪೂಜೆ ಮಾಡಿ ಇದ್ನ ಬಿಟ್ಬುಟ್ರೆ ದೇವ್ರು ಮೆಚ್ತಾಳಾ?"

ನನಗೆ ನಗು ಬಂತು. ಅವನು ಹೇಳಿದ್ದು ಸರಿ ಅಂತಲೂ ಅನ್ನಿಸಿತು. ಕೋಣೆಯ ಬೀಗದ ಕೈ, ಸ್ಕ್ರೂಡ್ರೈವರ್, ಹಿಂದಿನ ಸಂಜೆಯಷ್ಟೇ ಮಿಷನ್ನಿನಲ್ಲಿದ್ದದ್ದನ್ನೆಲ್ಲ ನಕಲು ಮಾಡಿದ್ದ ಟೇಪಿನ ಸುರುಳಿ, ಎಲ್ಲವನ್ನೂ ಮಣೆಯ ಮೇಲಿಟ್ಟಿದ್ದೆವು. ಲಕೋಟೆಯನ್ನೂ ಇಟ್ಟೆ. ಗಂಧ ತೇಯ್ದು, ಅರಿಶಿನ ಕುಂಕುಮ ಕಲಸಿ, ಅರಗಿನ ಮುದ್ರೆಯ ಮೇಲೆಯೇ ಬಳಿದೆ. ನನ್ನ ಈ ಕೈಯಿಂದಲೇ, ದಪ್ಪಗೆ, ಮೂರು ಬೆರಳಲ್ಲಿ. ಹೊರಗೆ ಮುನಿಯಪ್ಪ ಕುಂಬಳಕಾಯಿ ಒಡೆದ.

ಪೂಜೆಗಿಟ್ಟದ್ದನ್ನು ಮಾರನೆಯ ದಿನ ವಿಜಯದಶಮಿಯವರೆಗೆ ಮುಟ್ಟಬಾರದು. ಬೀಗದ ಕೈಯೂ ಪೂಜೆಯಲ್ಲಿತ್ತು. ಹಾಗಾಗಿ ಬಾಗಿಲಿಗೆ ಬೀಗ ಹಾಕುವಂತಿಲ್ಲ! ಮೂರು ತಿಂಗಳು ಕೂತು ಒಂದೊಂದೇ ಕಿಂಡಿ ಮುಚ್ಚಿದವಳು, ಬಾಗಿಲನ್ನು ಬರೀ ಎಳೆದುಕೊಂಡು, ತುಮಕೂರಿನ ಬಸ್ಸು ಹತ್ತಿ ಅಮ್ಮನ ಮನೆಗೆ ಹಬ್ಬಕ್ಕೆ ಹೋದೆ. ಇಂಥ ದಡ್ಡತನ ಹೊರದೇಶದ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಬರೆದಿದ್ದರೆ ನಾನು ಎಚ್ಚರವಾಗಿರುತ್ತಿದ್ದೆನೋ ಏನೋ.

ಸೋಮವಾರ ವಾಪಸು ಬಂದಾಗ ಎಲ್ಲ ಅದರದರ ಜಾಗದಲ್ಲಿತ್ತು. ಲಕೋಟೆ ಪಟದ ಹಿಂದೆ, ಕುಂಕುಮ ಒಣಗಿ ಗಟ್ಟಿಯಾಗಿತ್ತು. ಟೇಪಿನ ಡಬ್ಬಿಗೂ ಕುಂಕುಮ ಮೆತ್ತಿತ್ತು. ಅದನ್ನು ವಾರಕ್ಕೊಮ್ಮೆ ಅಳಿಸಿ ಮತ್ತೆ ಉಪಯೋಗಿಸುವುದು ರೂಢಿ. ಮುನಿಯಪ್ಪ, "ಪೂಜೆಗಿಟ್ಟಿದ್ನ ಅಳುಸ್ಬ್ಯಾಡಿ ಅಮ್ಮಣ್ಣಿ" ಎಂದು ಹಟ ಹಿಡಿದ. ಹೋಗಲಿ ಎಂದು ಬೀರುವಿನಲ್ಲಿಟ್ಟು ಬೇರೆ ಸುರುಳಿ ತೆಗೆದುಕೊಂಡೆ. ಚೀಫ್ ಇಂಜಿನಿಯರ್ ಬಂದರು, ತಮ್ಮ ಪೆಟ್ಟಿಗೆ ನೋಡಿಕೊಂಡರು. ಮಾಕಳಿಗೆ ಉತ್ತರವೇನೂ ಹೋದಂತೆ ಕಾಣಲಿಲ್ಲ. ದೊಡ್ಡವರ ಕೆಲಸ ನಿಧಾನ ಎಂದುಕೊಂಡೆ.

ಆ ವಾರವೂ ಕಳೆದು ಮುಂದಿನ ವಾರದ ಶುಕ್ರವಾರ ರಾಜಗೋಪಾಲರ ಕೋಣೆಯಿಂದ ಒಂದು ಚೀಟಿ ಬಂತು. ರತ್ನಳ ಪ್ರೊಬೇಷನ್ ಮುಂದುವರಿಸಿಲ್ಲ, ಅವಳ ಹೆಸರನ್ನು ಮಿಷನ್ನಿನಿಂದ ತೆಗೆಯುವುದು. ಕೆಲಸ ತೃಪ್ತಿಕರವಲ್ಲವಂತೆ. ನನ್ನ ಕೆಲಸ ಅದು, ತೆಗೆದೆ. ತೆಗೆಯುವ ಮೊದಲು ಅವಳು ಕೊನೆಯ ಸಲ ಯಾವಾಗ ಬಂದಿದ್ದಳೆಂದು ದಾಖಲೆ ನೋಡಿದೆ. ಹಾಗೇ ಮೇಲಕ್ಕೆ ಕಣ್ಣು ಹಾಯಿಸಿದಾಗ ಒಂದು ಸಾಲು ಕಂಡಿತು. ವಿಜಯದಶಮಿಯ ದಿನ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಯಜಮಾನ ಪಾಸ್‌ವರ್ಡ್ ಹಾಕಿ ಯಾರೋ ಒಳಗೆ ಬಂದಿದ್ದಾರೆ. ಒಂದು ಗಂಟೆಗೂ ಹೆಚ್ಚು ಹೊತ್ತು ಕೂತಿದ್ದಾರೆ. ಪರ್ಸನಲ್ ಮ್ಯಾನೇಜರ್ ಕೋಣೆಯ ಟರ್ಮಿನಲ್ಲಿನಿಂದ.

ಪಟದ ಹಿಂದಿನಿಂದ ಲಕೋಟೆ ತೆಗೆದು ಒದ್ದೆ ಬಟ್ಟೆಯಿಂದ ಕುಂಕುಮ ಒರೆಸಿದೆ. ಎ.ಸಿ. ಕೋಣೆಯ ತೇವಕ್ಕೆ ಗಂಧ ಬೂಸ್ಟು ಹಿಡಿದು ಹುಳಿ ವಾಸನೆ ಹೊಡೆಯುತ್ತಿತ್ತು. ಕೆಳಗೆ ಅರಗು ನಟ್ಟನಡುವೆ ಬಿರುಕು ಬಿಟ್ಟಿತ್ತು. ಎರಡು ಚೂರನ್ನೂ ಗೋಂದು ಹಾಕಿ ಕೂಡಿಸಿ, ಮೇಲೆ ಕುಂಕುಮ ಮೆತ್ತಿದ್ದರು. ನಾನು ಬಳಿದದ್ದರ ಮೇಲೆ ಇನ್ನಷ್ಟು. ಒಳಗಿನ ಚೀಟಿ ಬಿಡಿಸಿದೆ. ಮಡಿಕೆಯಲ್ಲಿ ಎರಡು ಚೂರು ಅಡಿಕೆ, ಗುಲಾಬಿ ಸೆಂಟಿನದು.

ಹೊರಗೆ ಓಡಿಹೋಗಿ ಮೋರಿಯಲ್ಲಿ ವಾಂತಿ ಮಾಡಿಕೊಂಡೆ. ಸೋಪು ಹಚ್ಚಿ ನಾಲ್ಕು ಸಲ ಕೈ ತೊಳೆದೆ. ಕುಂಕುಮದ ಕೆಂಪು ಬೆರಳಿನಿಂದ ಹೋಗಲಿಲ್ಲ.

ಮುನಿಯಪ್ಪ ನೀರು ತಂದುಕೊಟ್ಟ. ಕೇಳಿದೆ. ಅವನ ಮುಖ ಸಣ್ಣದಾಯಿತು. "ಅವತ್ತು ಸಾಹೇಬ್ರು ಬಂದು ಮಂಗಳಾರತಿ ತಗೋತೀನಿ ಅಂದ್ರು. ನಾನೇ ಬಾಗ್ಲು ತಗ್ದೆ. ಯಾವ್ದು ಎಲ್ಲಿ ಮಡಗೋದು ಅಂತ ಕೇಳ್ಕೊಂಡು, ಪೂಜೆ ಪದಾರ್ಥ ಎಲ್ಲಾ ನಾನೇ ಎತ್ತಿಡ್ತೀನಿ, ನೀನು ಮನೀಗೋಗು ಅಂದ್ರು. ದೇವ್ರ ಮುಂದೆ ನಿಂತೋರ್ನ ಬ್ಯಾಡ ಅನ್ನಾಕಾಯ್ತದಾ ಅಮ್ಮಣ್ಣಿ?" ಅಂದ. ಆಮೇಲೆ ಎಂದೂ ಬೈಗುಳ ಆಡದ ಅವನು ರಾಜಗೋಪಾಲರಿಗೆ ಒಂದು ಮಾತು ಬೈದ. ಅದನ್ನು ಬರೆಯಲಾರೆ, ಆದರೆ ಕೇಳಿ ಸ್ವಲ್ಪ ಹೊಟ್ಟೆ ತಣ್ಣಗಾಯಿತು. ಪಾಸ್‌ವರ್ಡ್ ಆಗಲೇ ಬದಲಾಯಿಸಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಚೀಫ್ ಇಂಜಿನಿಯರ್ ಪೆಟ್ಟಿಗೆಯಲ್ಲಿ ರತ್ನಳ ಕಾಗದ ಇರಲಿಲ್ಲ. ಅವರು ಬರುವ ಮೊದಲೇ ರಾಜಗೋಪಾಲ್ ಅದನ್ನು ಅಳಿಸಿದ್ದರು.

ಭಾನುವಾರ ಬಸ್ಸು ಹಿಡಿದು ಮಾಕಳಿಗೆ ಹೋದೆ. ರತ್ನ ಮನೆಯ ಮುಂದೆ ಕೂತು ಅವ್ವನ ಜೊತೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು, ಚಾಪೆ ಹಾಕಿ, ಮಜ್ಜಿಗೆ ಕೊಟ್ಟಳು. ನಡೆದದ್ದನ್ನೆಲ್ಲ ಹೇಳಿದೆ. ಲಕೋಟೆ, ಕುಂಕುಮ, ಅಡಿಕೆಚೂರು, ಯಾವುದನ್ನೂ ಮುಚ್ಚಿಡಲಿಲ್ಲ. ಅವಳ ಕಾಗದದಲ್ಲಿ ಏನಿತ್ತೆಂದು ಆಗ ಅವಳು ಹೇಳಿದಳು. ದೀಪಾವಳಿಯ ಹೊತ್ತಿಗೆ ಕಳಿಸಬೇಕಾದ ದೊಡ್ಡ ಕೊಕ್ಕೆಗಳು. ಅವಳು ಸುಣ್ಣ ಬಳಿದಾಗ ಹಲವಕ್ಕೆ ಕಪ್ಪು ಗೆರೆ ಬಂದಿತ್ತು. ಇನ್‌ಚಾರ್ಜ್ ಅವಳ ಕಣ್ಣೆದುರೇ ಸುಣ್ಣ ಒರೆಸಿ, ಬಣ್ಣ ಬಳಿಸಿ, ಪಾಸಾಗಿದೆ ಎಂಬ ಠಸ್ಸೆ ಒತ್ತಿಸಿದ್ದ.

"ನಾವು ಬಿಳೀದು ಬಳಿಯೋದು ಬಿರುಕು ಕಾಣ್ಲಿ ಅಂತ ಮೇಡಂ" ಅಂದಳು ರತ್ನ. ಕುಂಕುಮದ ಕೆಂಪು ಇನ್ನೂ ಹೋಗಿರದ ನನ್ನ ಬೆರಳನ್ನು ನೋಡಿದಳು.

"ರತ್ನಾ, ನಾನು ಮಾತಿಗೆ ತಪ್ಪಲಿಲ್ಲ. ನಿನ್ನ ಕಾಗದ ಕಣ್ಣೆದುರೇ ಇತ್ತು, ಒಂದಕ್ಷರ ಓದಲಿಲ್ಲ" ಅಂದೆ. ಅದೊಂದನ್ನಾದರೂ ಅವಳು ಮೆಚ್ಚಲಿ ಎಂದು ಹೇಳಿದ್ದು.

ಅವಳು ಹುಣಸೆಬೀಜವನ್ನು ಒಂದು ಕಡೆ ಸರಿಸಿದಳು. "ಓದ್ಬೇಕಿತ್ತು ಮೇಡಂ. ನೀವೂ ಓದಿದ್ದಿದ್ರೆ ಗೊತ್ತಿರೋರು ಇಬ್ರಾಗ್ತಿದ್ವಿ. ಒಬ್ಳನ್ನ ತೆಗೆದಾಕೋದು ಸುಲಭ."

ಜೀವನದಲ್ಲಿ ಯಾರೂ ನನ್ನ ಕೆನ್ನೆಗೆ ಹೊಡೆದಿಲ್ಲ. ಅವತ್ತು ಹೊಡೆಸಿಕೊಂಡಂತಾಯಿತು. ಓದಬಾರದವನು ಕೂತು ಓದಿದ. ಓದಬಹುದಾಗಿದ್ದವಳು ಬೆನ್ನು ತಟ್ಟಿಕೊಂಡು ಹೋಳಿಗೆ ತಿನ್ನಲು ಊರಿಗೆ ಹೋದೆ. ಆ ಮನುಷ್ಯನ ಮೇಲಿದ್ದ ಹೇಸಿಗೆಯಲ್ಲಿ ಅರ್ಧ ನನ್ನ ಮೇಲೆ ಬಂತು. ಅದು ಇವತ್ತಿಗೂ ಹೋಗಿಲ್ಲ.

"ಆ ಕೊಕ್ಕೆಗಳು ಈಗೆಲ್ಲಿವೆ?" ಎಂದು ಕೇಳಿದೆ.

"ಶೆಡ್ಡಲ್ಲೇ ಇವೆ. ಈ ಬುಧವಾರ ಲಾರಿ ಬರತ್ತೆ."

ಆಗ ನನಗೆ ಬೀರುವಿನಲ್ಲಿದ್ದ ಟೇಪಿನ ನೆನಪಾಯಿತು. ಪೂಜೆಯ ಹಿಂದಿನ ಸಂಜೆಯ ನಕಲು. ಸೋಮವಾರ ಬಂದ ಕಾಗದ ಅದರಲ್ಲಿ ಇರಲೇಬೇಕು. ಕುಂಕುಮ ಮೆತ್ತಿಕೊಂಡ ತಪ್ಪಿಗೆ ಅದೊಂದು ಅಳಿಯದೆ ಉಳಿದಿತ್ತು. ರತ್ನಳನ್ನು ಕೇಳಿದೆ. "ಟೇಪಿನಲ್ಲಿ ಸಿಗಬಹುದು. ತೆಗೆದು ಓದ್ಲಾ?"

"ಓದಿ. ಪ್ರಿಂಟ್ ತೆಗ್ದು ಕೈಯಾರೆ ಕೊಡಿ. ಇನ್ನು ಆ ಪೆಟ್ಟಿಗೆಗೆ ಮಾತ್ರ ಹಾಕ್ಬೇಡಿ" ಅಂದಳು.

ಸೋಮವಾರ ಬೆಳಿಗ್ಗೆ ಟೇಪು ಹಾಕಿ ಕಾಗದ ತೆಗೆದೆ, ಓದಿದೆ. ತಪ್ಪು ತಪ್ಪು ಇಂಗ್ಲಿಷು, ನಡುನಡುವೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ. ಗೆರೆ ಬಂದ ಪ್ರತಿ ಕೊಕ್ಕೆಯ ನಂಬರು, ಗೆರೆ ಎಲ್ಲಿ ಬಂತು, ಎಷ್ಟು ಉದ್ದ ಎಲ್ಲ ಬರೆದಿದ್ದಳು. ಕೊನೆಯ ಸಾಲು ಪೂರ್ತಿ ಕನ್ನಡದಲ್ಲಿತ್ತು: "ಸಾರ್, ಈ ಕೊಕ್ಕೆ ಕೆಳಗೆ ಯಾರೋ ನಿಂತ್ಕೊಳ್ತಾರೆ." ಪ್ರಿಂಟು ಹರಿದುಕೊಂಡು ನೇರವಾಗಿ ಚೀಫ್ ಇಂಜಿನಿಯರ್ ಕೋಣೆಗೆ ಹೋದೆ. ಅವರು ನಿಂತುಕೊಂಡೇ ಓದಿದರು. ಜೀಪು ತರಿಸಿದರು. ಸಂಜೆಯೊಳಗೆ ಮಾಕಳಿಯ ಅಂಗಳದಲ್ಲಿ ಆ ಕೊಕ್ಕೆಗಳ ಬಣ್ಣವನ್ನೆಲ್ಲ ಕೆರೆಸಿ, ಮತ್ತೆ ಎಣ್ಣೆಗೆ ಅದ್ದಿಸಿ, ಸುಣ್ಣ ಬಳಿಸಿದರು. ರತ್ನ ಬರೆದ ಒಂದೊಂದು ನಂಬರಿನ ಮೇಲೂ ಕಪ್ಪು ಗೆರೆ ಬಂತು. ಬುಧವಾರ ಬಂದ ಲಾರಿ ಖಾಲಿ ಹೋಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಕುಂಬಳಕಾಯಿಯ ವಾಸನೆಗೆ ನನಗೆ ಹೀಗಾಗುತ್ತಿರಲಿಲ್ಲ. ಶೆಡ್ ಇನ್‌ಚಾರ್ಜನ್ನು ಅಲ್ಲಿಂದ ತೆಗೆದು ಪೀಣ್ಯದ ಖರೀದಿ ವಿಭಾಗಕ್ಕೆ ಹಾಕಿದರು. ಅಲ್ಲಿ ಅವನಿಗೆ ಫ್ಯಾನಿನ ಕೆಳಗಿನ ಕುರ್ಚಿ ಸಿಕ್ಕಿತು. ರತ್ನಳನ್ನು ವಾಪಸು ಕರೆಯಬೇಕೆಂದು ಚೀಫ್ ಇಂಜಿನಿಯರ್ ಬರೆದರು. ಅಂಥ ದೂರು ಕೊಟ್ಟಿದ್ದಕ್ಕೆ ಸರಿಯಾದ ದಾಖಲೆಯಿಲ್ಲ, ಪ್ರೊಬೇಷನ್ನಿನವರನ್ನು ಮತ್ತೆ ತೆಗೆದುಕೊಳ್ಳುವ ಪದ್ಧತಿಯಿಲ್ಲ ಎಂದು ಉತ್ತರ ಬಂತು. ರಾಜಗೋಪಾಲರ ಕೋಣೆಯ ಟರ್ಮಿನಲ್ಲಿನ ಸಾಲನ್ನು ನಾನು ಅಚ್ಚು ಹಾಕಿಸಿ ಕೊಟ್ಟೆ. ಆ ಕೋಣೆಗೆ ಹಬ್ಬದ ದಿನ ಯಾರು ಬೇಕಾದರೂ ಹೋಗಿರಬಹುದು, ಬೀಗದ ಕೈಗಳೆಲ್ಲ ಪೂಜೆಯಲ್ಲಿದ್ದವಲ್ಲ ಎಂದರು. ಮಿಷನ್ನಿನ ಕೋಣೆಗೆ ಬೀಗ ಹಾಕದವಳು ಯಾರೆಂದೂ ಕೇಳಿದರು.

ದೀಪಾವಳಿ ಕಳೆದ ಎರಡನೆಯ ವಾರ ರಾಜಗೋಪಾಲ್ ತಾವೇ ನನ್ನ ಕೋಣೆಗೆ ಬಂದರು. ಈ ಸಲ ಬೂಟು ಬಿಚ್ಚಿ ಬಂದರು. ದೇವಿಯ ಪಟಕ್ಕೆ ಕೈ ಮುಗಿದು, ಕಣ್ಣಿಗೊತ್ತಿಕೊಂಡು, ನನ್ನ ಮೇಜಿನ ಮೇಲೆ ಒಂದು ಮೆಮೊ ಇಟ್ಟರು. ಬೇರೆಯವರ ಕಾಗದವನ್ನು ಟೇಪಿನಿಂದ ತೆಗೆದು ಓದಿದ ಅಪರಾಧಕ್ಕೆ ನನ್ನ ಮೇಲೆ ಕ್ರಮ ಏಕೆ ಕೈಗೊಳ್ಳಬಾರದು, ಮೂರು ದಿನದೊಳಗೆ ಲಿಖಿತ ಉತ್ತರ ಕೊಡುವುದು. ಅಪರಾಧ ಎಂದು ತೋರಿಸಲು ನನ್ನದೇ ಸುತ್ತೋಲೆಯ ಸಾಲನ್ನು ಎತ್ತಿ ಬರೆದಿದ್ದರು.

"ನಿಯಮ ನೀನೇ ಮಾಡಿದ್ದಲ್ವೇನಮ್ಮಾ?" ಅಂದರು. ಗುಲಾಬಿಯ ವಾಸನೆ ಬಂತು.

ಮುನಿಯಪ್ಪ ಬಾಗಿಲ ಬಳಿ ಕಸದ ಬುಟ್ಟಿ ಹಿಡಿದು ನಿಂತಿದ್ದ. ಅವರು ಉಗಿಯಲು ಆ ಕಡೆ ತಿರುಗಿದಾಗ ಬುಟ್ಟಿಯನ್ನು ಬೆನ್ನ ಹಿಂದಕ್ಕೆ ಸರಿಸಿದ. ಅವರು ನುಂಗಿಕೊಂಡು ಹೋಗಬೇಕಾಯಿತು.

ಮೂರು ದಿನ ಬೇಕಾಗಲಿಲ್ಲ. ಅವರ ಹಿಂದೆ ಬಾಗಿಲು ಮುಚ್ಚುವ ಮೊದಲೇ ಪೆನ್ನು ತೆಗೆದು, ಮೆಮೊದ ಕೆಳಗೇ ಉತ್ತರ ಬರೆದು, ಮುನಿಯಪ್ಪನ ಕೈಲಿ ಕೊಟ್ಟು ಕಳಿಸಿದೆ. ಅದಕ್ಕೇ ನನ್ನನ್ನು ಸ್ಟೋರ್ಸಿಗೆ ಹಾಕಿದ್ದು, ಮಿಷನ್ನಿನ ಕೋಣೆಗೆ ಮತ್ತೆ ಕಾಲಿಡದಂತೆ ಮಾಡಿದ್ದು. ಆ ಕಾರ್ಖಾನೆಯಲ್ಲಿದ್ದಷ್ಟು ದಿನ ನಾನು ಬರೆದದ್ದರಲ್ಲಿ ಪೂರ್ತಿ ನಿಜವಾದದ್ದು ಅದೊಂದೇ ಇರಬೇಕು. ಎರಡೇ ವಾಕ್ಯ ಬರೆದಿದ್ದೆ.

"ಓದಿದ್ದು ನಿಜ. ಇಪ್ಪತ್ತೊಂದು ದಿನ ತಡವಾಗಿ ಓದಿದೆ."